ಗಂಧ ಹಚ್ಚಿದ ಕಂಪ್ಯೂಟರ್

ವಿಜಯದಶಮಿಯ ಮರುದಿನ ಬೆಳಗ್ಗೆ ದಿವ್ಯಾ ಕಂಪ್ಯೂಟರ್ ಹಾಕಿದಳು. ಪರದೆ ಕೆಂಪಗಾಯಿತು. ನಡುವೆ ಒಂದು ತಲೆಬುರುಡೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ.

ಬುರುಡೆಯನ್ನು ಸರಿಸಿ ಫೋಟೋಗಳ ಫೋಲ್ಡರ್ ತೆರೆದಳು. ಖಾಲಿ.

"ಅಮ್ಮಾ!"

ಆ ಕೂಗಿಗೆ ಹಳೇಬೀಡಿನ ಆ ಬೀದಿಯೇ ಬಾಗಿಲಿಗೆ ಬಂತು.

ಹೋದದ್ದು ಮದುವೆ ಮುಂಜಿಯ ಫೋಟೋಗಳಲ್ಲ. ಜಾವಗಲ್ ಸುತ್ತಿನ ಹೊಲ, ಕೆರೆ ಏರಿಗಳಲ್ಲಿರುವ ವೀರಗಲ್ಲುಗಳನ್ನು ದಿವ್ಯಾ ಬಿಸಿಲಲ್ಲಿ ಅಲೆದು ಕ್ಯಾಮೆರಾದಲ್ಲಿ ಹಿಡಿದಿದ್ದಳು. ಅದರಲ್ಲೊಂದು ಕಲ್ಲು ಹೋದ ತಿಂಗಳು ಕೆರೆ ಏರಿಯಿಂದ ಮಾಯವಾಗಿತ್ತು. ಅದು ಅಲ್ಲೇ ನಿಂತಿತ್ತು ಎನ್ನುವುದಕ್ಕೆ ಉಳಿದಿದ್ದ ಒಂದೇ ಸಾಕ್ಷಿ ಅವಳ ಫೋಟೋ. ಸೋಮವಾರ ಹಾಸನದಲ್ಲಿ ಪುರಾತತ್ವದ ಅಧಿಕಾರಿಗಳ ಮುಂದೆ ಅದನ್ನು ಇಡಬೇಕಿತ್ತು. ಫೋಟೋ ಇಲ್ಲದಿದ್ದರೆ ಕಲ್ಲು ಕದ್ದವನದ್ದೇ.

"ಇದು ಇವನ ಕೆಲಸ!" ದಿವ್ಯಾ ತಮ್ಮ ಶರತ್‌ನತ್ತ ಕೈ ತೋರಿದಳು. "ಇದ್ದ ಆಂಟಿವೈರಸ್ ತೆಗೆದು ಯಾವುದೋ ಫ್ರೀ ಹಾಕ್ದ!"

"ಒಳ್ಳೇದೇ ಕಣೇ ಅದು."

"ಎಷ್ಟು ಒಳ್ಳೇದು ಅಂತ ಕಾಣ್ತಾ ಇದೆಯಲ್ಲ!"

ಶರತ್ ತಿಂಡಿಯ ತಟ್ಟೆಯನ್ನು ಹಾಗೇ ಬಿಟ್ಟು ಹಿತ್ತಲಿಗೆ ಹೋದ.

ಬೀದಿಯವರಿಗೆ ಬಾಯಿ ಬಂತು. ಆಂಟಿವೈರಸ್ ವಿಷಯದಲ್ಲಿ ನಮ್ಮಲ್ಲಿ ಎಲ್ಲರೂ ಡಾಕ್ಟರೇ. ಹಸಿರು ಬಣ್ಣದ್ದು ಹಾಕಿ ಎಂದರು ಒಬ್ಬರು. ನೀಲಿದು ವಾಸಿ ಎಂದರು ಇನ್ನೊಬ್ಬರು. ಅಷ್ಟರಲ್ಲಿ ಸುದ್ದಿ ತಿಳಿದ ಸೋದರಮಾವ ಚನ್ನಪ್ಪನ ಫೋನೂ ಬಂತು.

"ತಲೆ ಕೆಡಿಸ್ಕೊಬ್ಯಾಡ ಅಕ್ಕಾ. ಫಾರ್ಮ್ಯಾಟ್ ಮಾಡ್ಸಿಬಿಡು. ಒಳ್ಳೇ ಆಂಟಿವೈರಸ್ ಲಿಂಕು ವಾಟ್ಸಪ್‌ನಾಗೆ ಐತೆ, ಕಳಿಸ್ತೀನಿ. ಸಂಜೆ ನಾನೇ ಬತ್ತೀನಿ."

ದಿವ್ಯಾ ಸಂಜೆಯವರೆಗೆ ಕಾಯಲಿಲ್ಲ. ಪೊಲೀಸ್ ಠಾಣೆಗೆ ಹೋದಳು.

*

ಪಿಎಸ್‌ಐ ಯಶೋಧರಾ ಅರಸೀಕೆರೆಯವರು. ಮಾತು ಕಡಿಮೆ, ಕುತೂಹಲ ಜಾಸ್ತಿ. ಮನೆಗೆ ಬಂದವರೇ ಮೊದಲು ಮಾಡಿದ ಕೆಲಸ ಕಂಪ್ಯೂಟರಿನ ವೈರನ್ನು ಗೋಡೆಯಿಂದ ಕಿತ್ತದ್ದು.

"ಇನ್ನು ಯಾರೂ ಆನ್ ಮಾಡಬೇಡಿ. ಫಾರ್ಮ್ಯಾಟು, ಹೊಸ ಆಂಟಿವೈರಸ್ಸು ಏನೂ ಬೇಡ. ಈ ಫೋಟೋ ಬೇರೆಲ್ಲೂ ಇಲ್ವಾ?"

"ಇಲ್ಲ ಮೇಡಂ. ಕ್ಯಾಮೆರಾ ಕಾರ್ಡ್ ಖಾಲಿ ಮಾಡ್ಕೊಂಡು ಮತ್ತೆ ಬೇರೆ ಫೋಟೋ ತೆಗೆದುಬಿಟ್ಟೆ."

ಯಶೋಧರಾ ತಲೆಯಾಡಿಸಿ ಮನೆಯನ್ನೊಮ್ಮೆ ನೋಡಿದರು. ತೆಂಗು, ರಾಗಿ ಬೆಳೆಯುವ ನಂಜುಂಡಯ್ಯನವರ ಮನೆ. ಆಯುಧಪೂಜೆಯ ಗುರುತು ಇನ್ನೂ ಎಲ್ಲೆಲ್ಲೂ ಇತ್ತು. ಟ್ರ್ಯಾಕ್ಟರಿಗೆ ಕುಂಕುಮ. ಹೊಲಿಗೆ ಯಂತ್ರಕ್ಕೆ ಕುಂಕುಮ. ಈಳಿಗೆಮಣೆಗೂ ಕುಂಕುಮ. ಕಂಪ್ಯೂಟರಿನ ಡಬ್ಬಕ್ಕೆ ಮಾತ್ರ ಮುಂಭಾಗದಲ್ಲಿ ಮೂರು ಬೆರಳಿನ ದಪ್ಪ ಗಂಧ.

"ಇದಕ್ಕೆ ಯಾಕಮ್ಮ ಕುಂಕುಮ ಇಲ್ಲ?"

ದಿವ್ಯಾಳ ತಾಯಿ ವೆಂಕಟಲಕ್ಷ್ಮಮ್ಮ ಸಂಕೋಚದಿಂದ ನಕ್ಕರು. "ಹೋದ ವರ್ಷ ಇಟ್ಟಿದ್ದೆ ಕಣವ್ವ. ಪುಡಿಯೆಲ್ಲ ಒಳಗಿನ ಫ್ಯಾನಿಗೆ ಹೋಗಿ ಕೆಟ್ಟೋಯ್ತು. ಬೇಲೂರಿನ ಕಂಪ್ಯೂಟರ್ ಅಂಗಡಿ ಇಂದುಧರ ಬೈದ. ಅದಕ್ಕೇ ಈ ಸಲ ಬರೀ ಗಂಧ ತೇಯ್ದು ಹಚ್ಚಿದೆ."

"ಪೂಜೆ ಆದ್ಮೇಲೆ ಯಾರಾದ್ರೂ ಮುಟ್ಟಿದ್ರಾ?"

"ಅಯ್ಯೋ! ಪೂಜೆಗಿಟ್ಟಿದ್ದನ್ನ ಯಾರು ಮುಟ್ತಾರೆ? ದಶಮಿ ಕಳೀಲೇಬೇಕು. ಇಷ್ಟೆಲ್ಲ ಕೇಳ್ತೀರಲ್ಲ, ನಿಮ್ಮ ಮನೇಲಿ ಇದೆಲ್ಲ ಇಲ್ವಾ?"

"ಇಲ್ಲಮ್ಮ, ನಾವು ಬುದ್ಧನನ್ನ ನಂಬಿದೋರು. ಅದಕ್ಕೇ ಒಂದೊಂದೂ ನಿಂತು ನೋಡ್ತೀನಿ."

ಯಶೋಧರಾ ಬಗ್ಗಿದರು. ಡಬ್ಬದ ಮುಂದೆ ಪೆನ್‌ಡ್ರೈವ್ ಹಾಕುವ ಎರಡು ಕಿಂಡಿಗಳು. ಎರಡರ ಮೇಲೂ ಗಂಧ ಬಂದಿತ್ತು. ಒಂದು ಕಿಂಡಿಯ ಮೇಲೆ ಗಂಧ ಒಣಗಿ ಹಪ್ಪಳವಾಗಿತ್ತು. ಉಗುರು ತಾಗಿಸಿದರೆ ಚಕ್ಕೆ ಚಕ್ಕೆಯಾಗಿ ಉದುರಿತು. ಇನ್ನೊಂದರಲ್ಲಿ ಚಕ್ಕೆ ಇಲ್ಲ, ಬಿರುಕಿಲ್ಲ. ಗಂಧ ನುಣ್ಣಗೆ ಒಳಕ್ಕೆ ಸವರಿಕೊಂಡು ಹೋಗಿತ್ತು.

"ಆವತ್ತು ಮನೇಲಿ ಯಾರ್ಯಾರಿದ್ರು?"

"ಶರತ್ ಬೆಳಗ್ಗೇನೇ ಬೇಲೂರಿಗೆ ಹೋದ," ಎಂದರು ನಂಜುಂಡಯ್ಯ. "ಇಂದುಧರನ ಅಂಗಡಿ ಪೂಜೆ ಅಂತ. ಊಟಕ್ಕೆ ಅಕ್ಕಪಕ್ಕದ ಇಬ್ಬರು ಮೂವರು. ಜೊತೆಗೆ ಇವಳ ತಮ್ಮ ಚನ್ನಪ್ಪ."

"ಶರತ್ ಬೇಲೂರಲ್ಲೇ ಇದ್ದ ಅಂತ ಹೇಗೆ ಗೊತ್ತು?" ದಿವ್ಯಾ ಕೇಳಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಹೋಗಿ ಕೇಳೋಣ," ಎಂದರು ಯಶೋಧರಾ.

*

ಇಂದುಧರನ ಅಂಗಡಿ ಬೇಲೂರು ಬಸ್ ನಿಲ್ದಾಣದ ಹಿಂದೆ. ಪೊಲೀಸ್ ಜೀಪ್ ಕಂಡೊಡನೆ ಆತ ಒಂದು ಸಿಡಿ ಕಟ್ಟನ್ನು ಮೇಜಿನ ಕೆಳಗೆ ತಳ್ಳಿದ. ಯಶೋಧರಾ ನೋಡಿದರು. ದಿವ್ಯಾಳ ಕಂಪ್ಯೂಟರಿಗೆ ಏನು ಬೇಕಾದರೂ ತುರುಕಬಲ್ಲ ಕೈ ಇದು. ಅನುಮಾನ ಬಂದದ್ದು ನಿಜ.

"ಆ ಮನೆಗೆ ಮೊದಲು ಆಂಟಿವೈರಸ್ ಹಾಕಿದ್ದು ನೀವೇನಾ?"

"ಹೂಂ ಮೇಡಂ."

"ದುಡ್ಡು ಕೊಟ್ಟು ಕೊಳ್ಳೋ ಆಂಟಿವೈರಸ್ಸು. ಕಂಪನಿಗೆ ದುಡ್ಡು ಕೊಟ್ಟಿದ್ರಾ?"

ಇಂದುಧರ ಕೆಮ್ಮಿದ. "ಕ್ರ್ಯಾಕ್ ಮಾಡಿದ್ದು ಮೇಡಂ. ಅದಕ್ಕೇ ಅಪ್‌ಡೇಟೇ ಆಗ್ತಿರಲಿಲ್ಲ. ಪಾಪ ಅನಿಸಿ ನಾನೇ ಶರತ್‌ಗೆ ಹೇಳ್ದೆ, ಕದ್ದಿದ್ದಕ್ಕಿಂತ ಒರಿಜಿನಲ್ ಫ್ರೀ ಇರೋದೇ ವಾಸಿ ಕಣೋ, ಹಳೇದನ್ನ ಪೂರಾ ತೆಗಿ, ಎರಡೂ ಇಟ್ರೆ ಒಂದಕ್ಕೊಂದು ಕಚ್ಚಾಡ್ತವೆ ಅಂತ. ತಯಾರು ಮಾಡಿದೋರ ವೆಬ್‌ಸೈಟಿಂದಾನೇ ನನ್ನ ಮುಂದೆ ಇಳಿಸ್ಕೊಂಡ. ಅದು ಕಾವಲು ನಾಯಿ ಇದ್ದಂಗೆ ಮೇಡಂ. ಹೊಸಬರು ಬಂದ್ರೆ ಬೊಗಳುತ್ತೆ. ಬಿಡ್ಲಾ ಬೇಡ್ವಾ ಅಂತ ಕೇಳುತ್ತೆ."

"ಆಯುಧಪೂಜೆ ದಿನ ಶರತ್ ಎಲ್ಲಿದ್ದ?"

"ಇಲ್ಲೇ. ಬೂದುಗುಂಬಳ ಒಡೆದಿದ್ದೇ ಅವನು. ನೋಡಿ, ವಿಡಿಯೋ ಐತೆ."

ವಿಡಿಯೋದಲ್ಲಿ ಶರತ್ ಇದ್ದ, ಇಂದುಧರನೂ ಇದ್ದ. ಊಟದ ಎಲೆ ಎತ್ತುವವರೆಗೂ ಇಬ್ಬರೂ ಅಲ್ಲೇ ಇದ್ದರು. ಪಕ್ಕದ ಅಂಗಡಿಯವರೂ ಅದನ್ನೇ ಹೇಳಿದರು.

"ಹಗರೆ ಕಡೆಯಿಂದ ಸುತ್ತಿ ಹೋಗೋಣ," ಎಂದರು ಯಶೋಧರಾ ಜೀಪಿನ ಚಾಲಕನಿಗೆ.

ಹಗರೆಯ ಹತ್ತಿರ ಚನ್ನಪ್ಪ ಹೊಸದಾಗಿ ಹೋಂಸ್ಟೇ ಕಟ್ಟಿಸುತ್ತಿದ್ದ. ಬಾಗಿಲಿಗೆ ಹೊಯ್ಸಳ ಕಾಲದ ಕಂಬಗಳಂತೆ ಸಿಮೆಂಟಿನ ಕಂಬಗಳು. ಅವುಗಳ ನಡುವೆ ಆಳೆತ್ತರದ ಏನೋ ಒಂದನ್ನು ನೀಲಿ ಟಾರ್ಪಾಲಿನಲ್ಲಿ ಸುತ್ತಿ ನಿಲ್ಲಿಸಿದ್ದರು. ಯಶೋಧರಾ ಜೀಪಿನಿಂದ ಇಳಿಯಲಿಲ್ಲ. ನೋಡಿದರು, ಅಷ್ಟೇ.

*

ಸಂಜೆ ಚನ್ನಪ್ಪ ಹೇಳಿದಂತೆ ಬಂದ. ಬೆರಳಲ್ಲಿ ಕಾರಿನ ಕೀಗೊಂಚಲು ತಿರುಗಿಸುತ್ತ ಕಾಫಿ ಕುಡಿದ. ಕಂಪ್ಯೂಟರಿನ ಡಬ್ಬಕ್ಕೆ ಕೈ ಹಾಕಿದ.

"ಹಾಸನದಾಗೆ ನಮ್ಮ ಹುಡುಗ ಒಬ್ಬ ಅವನೆ. ಇವತ್ತೇ ಫಾರ್ಮ್ಯಾಟ್ ಮಾಡಿಸ್ಕೊಂಡು ಬತ್ತೀನಿ."

"ಇರಲಿ, ಕೂತ್ಕೊಳಿ," ಎಂದರು ಬಾಗಿಲಲ್ಲಿ ನಿಂತಿದ್ದ ಯಶೋಧರಾ. "ನಿಮಗೆ ಕಂಪ್ಯೂಟರ್ ಗೊತ್ತಾ?"

"ನಂಗೇನು ಗೊತ್ತಾಗುತ್ತೆ ಮೇಡಂ?"

"ಬೆಳಗ್ಗೆ ನಾನು ಬರೋಕೆ ಮುಂಚೇನೇ ಫಾರ್ಮ್ಯಾಟ್ ಅಂದ್ರಂತೆ. ವೈರಸ್ ಬಂತು ಅಂದ್ರೆ ಎಲ್ಲರೂ ಯಾವ ಆಂಟಿವೈರಸ್ ಹಾಕೋದು ಅಂತ ಕೇಳ್ತಾರೆ. ಹೋದ ಫೋಟೋ ವಾಪಸ್ ಬರುತ್ತಾ ಅಂತ ಕೇಳ್ತಾರೆ. ನೀವೊಬ್ಬರೇ ಎಲ್ಲಾ ಅಳಿಸಿ ಅಂದಿದ್ದು. ನಿಮ್ಮ ಕಾರಿನ ಕೀ ಕೊಡಿ."

ಕೀಗೊಂಚಲಿನಲ್ಲಿ ಒಂದು ಪೆನ್‌ಡ್ರೈವ್ ತೂಗುತ್ತಿತ್ತು. ಯಶೋಧರಾ ಮುಚ್ಚಳ ತೆಗೆದರು. ಅದರ ಲೋಹದ ಬಾಯಿಯಲ್ಲಿ ಬಿಳಿಚಿದ ಹಳದಿ ಮೆತ್ತಿಕೊಂಡಿತ್ತು.

"ಆಯುಧಪೂಜೆ ಅಲ್ವಾ ಮೇಡಂ," ಚನ್ನಪ್ಪ ನಕ್ಕ. "ಕಾರಿಗೆ ಪೂಜೆ ಮಾಡ್ದೆ. ಕೀಗೂ ಕುಂಕುಮ ಬಿದ್ದಿರುತ್ತೆ."

"ಕೀಗೆ ಬಿದ್ದಿದೆ, ನಿಜ. ಕುಂಕುಮ, ಅರಿಶಿನ ಎರಡೂ ಇದೆ. ಆದರೆ ಪೆನ್‌ಡ್ರೈವ್ ಬಾಯೊಳಗೆ ಬರೀ ಗಂಧ. ಮುಚ್ಚಳದ ಒಳಗೆ. ಒಂದು ಕಾಳು ಕುಂಕುಮ ಇಲ್ಲ. ಆವತ್ತು ಕುಂಕುಮ ಇಲ್ಲದೆ ಬರೀ ಗಂಧ ಹಚ್ಚಿದ ಯಂತ್ರ ಇದೊಂದೇ."

ಚನ್ನಪ್ಪನ ನಗು ನಿಂತಿತು.

ಯಶೋಧರಾ ಡಬ್ಬದ ಕಿಂಡಿ ತೋರಿಸಿದರು. "ಇವತ್ತು ಬೆಳಗ್ಗೆ ಹಾಕಿದ್ರೆ ಒಣಗಿದ ಗಂಧ ಚಕ್ಕೆಯಾಗಿ ಉದುರಬೇಕಿತ್ತು. ಹಬ್ಬಕ್ಕೆ ಮುಂಚೆ ಹಾಕಿದ್ರೆ ಗಂಧವೇ ಇರ್ತಿರಲಿಲ್ಲ. ಹಸಿ ಇದ್ದಾಗ ಹಾಕಿದ್ದು. ಅಂದ್ರೆ ಪೂಜೆ ಆದ ಸ್ವಲ್ಪ ಹೊತ್ತಿಗೆ, ಎಲ್ಲರೂ ಊಟದ ಗಡಿಬಿಡಿಯಲ್ಲಿದ್ದಾಗ. ಆಗ ಶರತ್ ಬೇಲೂರಲ್ಲಿದ್ದ. ಈ ಕೋಣೆಗೆ ಯಾರೂ ಬರಲ್ಲ, ಕಂಪ್ಯೂಟರನ್ನ ಯಾರೂ ಮುಟ್ಟಲ್ಲ ಅಂತ ಗೊತ್ತಿದ್ದೋರು ಬಂದ್ರು. ಆಮೇಲೆ ಆಫ್ ಮಾಡಿ ಪಾಯಸಕ್ಕೆ ಕೂತ್ರು."

"ನಾನ್ಯಾಕೆ ಮೇಡಂ ನಮ್ಮ ಮಗೀನ ಫೋಟೋ..."

"ನಿಮ್ಮ ಹೋಂಸ್ಟೇ ಬಾಗಿಲಲ್ಲಿ ಟಾರ್ಪಾಲ್ ಹೊದ್ದು ನಿಂತಿದೆಯಲ್ಲ, ಅದಕ್ಕೆ. ನಮ್ಮ ಕಾನ್‌ಸ್ಟೇಬಲ್ ಹೊನ್ನಯ್ಯ ಈಗ ಬಿಚ್ಚಿ ನೋಡಿದಾರೆ. ವೀರಗಲ್ಲು. ನಿಮ್ಮ ತಾತನ ಹಿತ್ತಲಲ್ಲಿ ಸಿಕ್ಕಿದ್ದು ಅಂದ್ರಂತೆ ನಿಮ್ಮ ಮೇಸ್ತ್ರಿ. ಜಾವಗಲ್ ಕೆರೆ ಏರಿ ಮೇಲಿತ್ತು ಅಂತ ಹೇಳೋದು ದಿವ್ಯಾ ಫೋಟೋ ಒಂದೇ."

ಚನ್ನಪ್ಪ ಅಕ್ಕನ ಕಡೆ ನೋಡಿದ. ಅವನ ದನಿ ಇಳಿಯಿತು. "ಹಾಸನದ ಹುಡುಗ ಆಂಟಿವೈರಸ್ ಅಂತ ಹೆಸರಿಟ್ಟು ಕೊಟ್ಟ. ಬರೀ ಒತ್ತು ಅಂದ. ಕಂಪ್ಯೂಟರು ಒಂದೇ ಸಮ ಕೂಗ್ಕೊಳ್ತು. ಬಿಡ್ಲಾ ಅಂತ ಕೇಳ್ತು. ಬಿಡು ಅಂತ ಒತ್ತಿದೆ."

ವೆಂಕಟಲಕ್ಷ್ಮಮ್ಮ ಫೋಟೋ ಮಾತು ಎತ್ತಲಿಲ್ಲ. ಕಲ್ಲಿನ ಮಾತೂ ಎತ್ತಲಿಲ್ಲ.

"ನಾನು ಪೂಜೆಗಿಟ್ಟಿದ್ದನ್ನ ಮುಟ್ಟಿದ್ಯೇನ್ಲಾ?" ಎಂದರು. "ನನ್ನ ಕೈಲೇ ಬಡಿಸ್ಕೊಂಡು ಉಂಡ್ಯೇನ್ಲಾ?"

ಪೊಲೀಸಿನವರ ಎದುರು ನೆಟ್ಟಗೆ ಕೂತಿದ್ದ ಚನ್ನಪ್ಪ ಆ ಮಾತಿಗೆ ತಲೆ ತಗ್ಗಿಸಿದ.

*

ಅಳಿಸಿದ ಫೋಟೋ ಆ ಕ್ಷಣವೇ ನಾಶವಾಗುವುದಿಲ್ಲ. ಅದರ ಜಾಗದಲ್ಲಿ ಬೇರೊಂದು ಬಂದು ಕೂರುವವರೆಗೆ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಅಡಗಿಯೇ ಇರುತ್ತದೆ. ಯಶೋಧರಾ ಮೊದಲು ವೈರ್ ಕಿತ್ತದ್ದು ಅದಕ್ಕೇ. ಹಾಸನದ ತಜ್ಞರು ಫೋಟೋಗಳನ್ನು ಹೊರತೆಗೆದರು. ಶರತ್ ಹಾಕಿದ್ದ ಫ್ರೀ ಆಂಟಿವೈರಸ್ ಆ ದಿನ ಎಚ್ಚರಿಸಿದ್ದೂ, ಯಾರೋ ಬಿಡು ಎಂದು ಒತ್ತಿದ್ದೂ ಅದರ ದಾಖಲೆಯಲ್ಲೇ ಸಿಕ್ಕಿತು. ಸೋಮವಾರ ದಿವ್ಯಾ ಅಧಿಕಾರಿಗಳ ಮುಂದೆ ಫೋಟೋ ಇಟ್ಟಳು. ಕೆರೆ ಏರಿ, ಹುಣಸೆಮರ, ಅದರ ಬುಡದಲ್ಲಿ ಕತ್ತಿ ಎತ್ತಿ ನಿಂತ ವೀರ.

ಕಂಪ್ಯೂಟರ್ ಮನೆಗೆ ವಾಪಸ್ ಬಂದ ದಿನ ಯಶೋಧರಾ ಕಾಫಿಗೆ ಬಂದಿದ್ದರು.

"ಈಗ ಯಾವ ಆಂಟಿವೈರಸ್ ಹಾಕ್ಸೋದು ಮೇಡಂ?" ನಂಜುಂಡಯ್ಯ ಕೇಳಿದರು.

"ಇರೋದೇ ಇರಲಿ. ಅದು ಬೊಗಳಿತ್ತು, ಪಾಪ. ಬಾಗಿಲಿಗೆ ಬೀಗ ಇರಲಿಲ್ಲ ಅಷ್ಟೇ. ಒಂದು ಪಾಸ್‌ವರ್ಡ್ ಇಡಿ."

ದಿವ್ಯಾ ಕುರ್ಚಿಯಿಂದ ಎದ್ದಳು. ಶರತ್ ಆವತ್ತಿನಿಂದ ಅವಳೊಡನೆ ಮಾತಾಡಿರಲಿಲ್ಲ, ಬಾಗಿಲಿಗೆ ಒರಗಿ ನಿಂತಿದ್ದ.

"ಬಾರೋ," ಎಂದಳು. "ತಪ್ಪಾಯ್ತು ಕಣೋ. ಪಾಸ್‌ವರ್ಡ್ ನೀನೇ ಇಡು."

ಶರತ್ ಬಂದು ಕೂತ. ಅವನು ಒತ್ತುವಾಗ ದಿವ್ಯಾ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು.

"ನೋಡೇ," ಎಂದ ಅವನು. "ನೀನು ನೋಡದೆ ಇದ್ರೆ ನಾಳೆ ಹೆಂಗೆ ತೆಗೀತೀಯ?"