ಗುಂಡಿ ಜಾಡಿಯ ಶಿಲ್ಲಿಂಗ್

ಶಿಲ್ಲಿಂಗ್ ನಾಣ್ಯ ಕಳವಾದದ್ದು ಊರಿಗೆ ಗೊತ್ತಾದ ಭಾನುವಾರ, ಅದನ್ನು ಬೆಳಗಿನಿಂದಲೇ ಬಲ್ಲವನೊಬ್ಬ ನ್ಯೂಬರಿಪೋರ್ಟಿನ ಚರ್ಚಿನ ಮೊದಲ ಬೆಂಚಿನಲ್ಲಿ ಭಕ್ತಿಯಿಂದ ತಲೆ ತಗ್ಗಿಸಿ ಕುಳಿತಿದ್ದ. ಅವನು ನಾಣ್ಯಸಂಗ್ರಾಹಕರ ಸಂಘದ ಕಾರ್ಯದರ್ಶಿ ಆಲ್ಡನ್ ಪೈಕ್. ಶಿಲ್ಲಿಂಗ್ ಅವನ ಕೋಟಿನ ಒಳಜೇಬಿನಲ್ಲಿತ್ತು.

ಆಲ್ಡನ್ನನ ಪ್ರಕಾರ ಅದು ಕಳವಲ್ಲ. ನಲವತ್ತು ವರ್ಷ ತಡವಾಗಿ ದೊರೆತ ನ್ಯಾಯ. ತೀರಿಕೊಂಡ ಮುದುಕಿಯೊಬ್ಬಳ ಮನೆಯ ಸಾಮಾನು ಮಾರಾಟಕ್ಕಿಟ್ಟ ದಿನ, ಹಳೆಯ ಅಂಗಿ ಗುಂಡಿಗಳ ಜಾಡಿಯ ತಳದಲ್ಲಿ ಆ ಬೆಳ್ಳಿ ನಾಣ್ಯವನ್ನು ಮೊದಲು ಕಂಡವನು ಅವನೇ. ಇಂಗ್ಲೆಂಡಿನ ಆಳ್ವಿಕೆಯ ಕಾಲದಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾದದ್ದು. ಒಂದು ಮುಖದಲ್ಲಿ ಪೈನ್ ಮರ, ಇನ್ನೊಂದರಲ್ಲಿ 1652ನೇ ಇಸವಿ. ಜಾಡಿಗೆ ಎರಡು ಡಾಲರ್ ಇಳಿಸೆಂದು ಅವನು ಚೌಕಾಸಿ ಮಾಡುತ್ತ ನಿಂತಾಗ, ಸಂಘದವನೇ ಆದ ಎಜ್ರಾ ಪ್ಲಮರ್ ಕೇಳಿದಷ್ಟು ಕೊಟ್ಟು ಜಾಡಿಯನ್ನು ಕಂಕುಳಿಗೆ ಸೇರಿಸಿದ್ದ. ಅಂದಿನಿಂದ ಸಂಘದ ಪ್ರತಿ ಸಭೆಯಲ್ಲೂ ಅವನದು ಅದೇ ಮಾತು:

“ಆಲ್ಡನ್, ಗುಂಡಿ ಬೇಕಿದ್ರೆ ಹೇಳಯ್ಯ, ಸಂಕೋಚ ಪಟ್ಕೋಬೇಡ. ಜಾಡಿ ಇನ್ನೂ ತುಂಬಿದೆ.”

ಈಗ ಎಜ್ರಾನ ಕಣ್ಣಿಗೆ ಪೊರೆ ಬಂದಿತ್ತು. ಆಲ್ಡನ್ ಕಾದಿದ್ದೇ ಆ ಪೊರೆಗಾಗಿ.

ಎಜ್ರಾ ನಾಣ್ಯವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ, ಪೈನ್ ಮರದ ಮುಖ ಮೇಲಾಗಿ ತೋರಿಸುತ್ತಿದ್ದ, ಅಷ್ಟೇ. ಅದರಿಂದೇನು? ನಾಣ್ಯ ಸಿಕ್ಕ ತಿಂಗಳೇ ಸಂಘದ ಪುಸ್ತಿಕೆಗೆಂದು ಎರಡೂ ಮುಖಗಳ ಫೋಟೊ ತೆಗೆಸಿದವನು ಆಲ್ಡನ್. ಅದನ್ನು ನೋಡಿಕೊಂಡು ಮೂರು ಚಳಿಗಾಲ ನೆಲಮಾಳಿಗೆಯಲ್ಲಿ ಅಚ್ಚು ಕೊರೆದ. ಅಜ್ಜಿಯ ಬೆಳ್ಳಿ ಚಮಚ ಕರಗಿಸಿದ. ತೂಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಮೂವತ್ತು ವರ್ಷ ನಾಣ್ಯ ಹೊಡೆದೂ ಇಸವಿ ಬದಲಿಸದೆ ಅದೇ 1652 ಒತ್ತುತ್ತ ಬಂದ ಹಿರಿಯರ ನಾಡು ಅದು; ತಾನು ಒಂದು ಸಲ ಒತ್ತಿದರೆ ದೇವರು ಲಕ್ಷ್ಯ ಕೊಡಲಾರನೆಂದು ಅವನ ನಂಬಿಕೆ.

ಆ ಭಾನುವಾರ ಚರ್ಚಿನಲ್ಲಿ ಏರ್ಪಾಟಾಗಿದ್ದ ಪ್ರದರ್ಶನಕ್ಕೆ ಪೆಟ್ಟಿಗೆ ಒಯ್ಯಲು ಅವನೇ ಮುಂದಾದ. ಕಾರಿನೊಳಗೆ ತನ್ನ ನಕಲಿಯನ್ನು ಬದಲಿಗಿಡಲು ಅರ್ಧ ನಿಮಿಷ ಸಾಕಾಯಿತು. ಅಸಲಿಯ ಇಸವಿಯ ಮುಖದಲ್ಲಿ ಎರಡು ಸಣ್ಣ ತಗ್ಗುಗಳನ್ನು ಕಂಡು ಮುಖ ಸಿಂಡರಿಸಿದ. ಮಾಟಗಾತಿಯರ ಭಯಕ್ಕೆ ಹಿಂದಿನವರು ಬೆಳ್ಳಿ ನಾಣ್ಯವನ್ನು ಬಗ್ಗಿಸಿ ಇಟ್ಟುಕೊಳ್ಳುತ್ತಿದ್ದರಲ್ಲ, ಅಂಥದ್ದೇ ಇರಬೇಕು. ಫೋಟೊದಲ್ಲಿ ಸರಿಯಾಗಿ ಮೂಡಿಲ್ಲ. ಇರಲಿ. ಕೆಳಗಾಗಿರುವ ಮುಖವನ್ನು, ಅದೂ ಕಣ್ಣು ಕಾಣದವನ ನಾಣ್ಯವನ್ನು, ಯಾರು ತಿರುವಿ ನೋಡುತ್ತಾರೆ?

ಆರಾಧನೆಯ ಕೊನೆಗೆ ಪಾದ್ರಿಗಳು ಅಗಲಿದವರ ಹೆಸರು ಕೇಳಿದರು. ಎಜ್ರಾ ಕೋಲೂರಿ ಎದ್ದ.

“ನಮ್ಮ ಮರ್ಸಿ. ಇವತ್ತಿಗೆ ಮೂವತ್ತೆಂಟು ವರ್ಷ. ಆಲ್ಡನ್, ಆ ಪೆಟ್ಟಿಗೆ ಇಲ್ಲಿ ಕೊಡಪ್ಪ.”

ಆಲ್ಡನ್ ವಿನಯದಿಂದ ಕೊಟ್ಟ. ಮುದುಕ ಮುಚ್ಚಳ ತೆಗೆದು, ನಾಣ್ಯ ತಿರುವಿ, ಹೆಬ್ಬೆರಳು ಆಡಿಸಿದ. ಮತ್ತೊಮ್ಮೆ ಆಡಿಸಿದ. “ಹಲ್ಲು ಬರೋವಾಗ ಕಚ್ಕೊಳ್ಳೋಕೆ ಮಗೂಗೆ ಇದನ್ನೇ ಕೊಟ್ಟಿದ್ದೆ, ಪಾದ್ರಿಗಳೇ. ಎರಡು ಹಲ್ಲಿನ ಗುರುತು. ಅವಳದು ಅಂತ ನಂಗೆ ಉಳಿದಿರೋದು ಅಷ್ಟೇ. ಬೆಳಿಗ್ಗೆ ಇವನ ಕೈಗೆ ಕೊಡೋವಾಗ್ಲೂ ಮುಟ್ಟಿ ನೋಡಿದ್ದೆ, ಇತ್ತು.” ಆಲ್ಡನ್ನನ ಕೈ, ಅವನನ್ನು ಕೇಳದೆಯೇ, ಕೋಟಿನ ಒಳಜೇಬನ್ನು ಅದುಮಿಕೊಂಡಿತು. ಇಡೀ ಚರ್ಚು ಆ ಕೈಯನ್ನೇ ನೋಡಿತು. ಎಜ್ರಾ ಅವನತ್ತ ಅಂಗೈ ಚಾಚಿ, ಹಾಗೇ ಕಣ್ಣು ಮುಚ್ಚಿದ. “ಕರ್ತನೇ, ನಮ್ಮ ಕೂಸನ್ನ ನಿನ್ನ ಮಡಿಲಲ್ಲಿ ನೆಮ್ಮದಿಯಾಗಿ ಇಟ್ಟುಕೋ.”