ಕಂಬಳಿಯ ಕ್ಲಿಕ್ ಕಳ್ಳ

ಹೊತ್ತು ಏರುವ ಮೊದಲೇ ಜಾಹೀರಾತಿನ ದುಡ್ಡು ಖಲಾಸ್!

ಹುಸ್ನಾ ಕಣ್ಣುಜ್ಜಿಕೊಂಡು ಕಂಪ್ಯೂಟರನ್ನು ಮತ್ತೊಮ್ಮೆ ನೋಡಿದಳು. ಸಂಖ ಊರಿನ ಹೆಂಗಸರು ನೂತ ಉಣ್ಣೆಯ ಕಂಬಳಿಗಳನ್ನು ಆನ್‌ಲೈನಿನಲ್ಲಿ ಮಾರುವ ಕೆಲಸ ಅವಳದು. ಯಾರಾದರೂ ಫೋನಿನಲ್ಲಿ 'ಕಂಬಳಿ' ಎಂದು ಹುಡುಕಿದರೆ ಇವರ ಜಾಹೀರಾತು ಮೇಲೆ ಬರುತ್ತದೆ. ಕಂಡರೆ ಬಿಟ್ಟಿ, ಒತ್ತಿದರೆ ಪ್ರತಿ ಸಲ ಇವರ ದುಡ್ಡು ಕಡಿತ. ವಾರದಿಂದ ಯಾರೋ ಒತ್ತುತ್ತಲೇ ಇದ್ದರು. ಕೊಂಡವರು ಮಾತ್ರ ಯಾರೂ ಇಲ್ಲ.

ಎದುರಿಗೆ ಕುಳಿತಿದ್ದವಳು ಅಕ್ಕವ್ವ, ನೂಲುವ ಹೆಂಗಸರಿಗೆಲ್ಲ ಹಿರಿಯಳು.

"ರೊಕ್ಕ ಹುಸ್ನಾನ ನುಂಗ್ಯಾಳೇನು ಅಂತ ಗುಸುಗುಸು ನಡದೈತಿ ನೋಡವಾ. ನಾಳಿಗೆ ಜಾಹೀರಾತ ಬಂದ್ ಅಂತಾರ."

"ನೀವೇನಂತೀರಿ ಕಾಕು?"

"ಲಗೂನ ಕಳ್ಳನ್ನ ಹಿಡಿ ಅಂತೀನಿ."

ದುಡ್ಡು ಹೋದರೆ ದುಡಿಯಬಹುದು. ಊರಲ್ಲಿ ಹೆಸರು ಕೆಟ್ಟರೆ?

* * *

ಮೊದಲ ಅನುಮಾನ ಜತ್ತ ಪೇಟೆಯ ತಾನಾಜಿಯ ಮೇಲೆ. ಅವನು ಮಿಲ್ಲಿನ ರಗ್ಗು ಮಾರುವವನು. ಹುಸ್ನಾ ನೇರ ಅಂಗಡಿಗೇ ನುಗ್ಗಿದಳು.

"ದಾದಾ, ನಮ್ಮ ಜಾಹೀರಾತ ಒತ್ತಿ ಒತ್ತಿ ಯಾಕ ನಮ್ಮ ಹೊಟ್ಟಿ ಮ್ಯಾಲ ಹೊಡೀತೀರಿ?"

"ಕುಂದ್ರು, ಚಹಾ ಕುಡಿ. ಯಾವ ಊರಿಂದ ಒತ್ತ್ಯಾರ, ನೋಡೀಯೇನು?"

ನೋಡಿದಳು. ಒತ್ತಿದ ಊರು ಮೊದಲು ಸೊರಡಿ. ಆಮೇಲೆ ದರಿಬಡಚಿ.

"ನಾ ಈ ಗಾದಿ ಬಿಟ್ಟು ಏಳೂದ ಊಟಕ್ಕ. ಸೊರಡಿಗೆ ಯಾವಾಗ ಹೋಗ್ಲಿ?"

ಮಾತು ಖರೆ. ಚಹಾ ಭಾಳ ಚಲೋ ಇತ್ತು. ಹುಸ್ನಾ ಮುಖ ಸಣ್ಣದು ಮಾಡಿಕೊಂಡು ಮರಳಿದಳು.

* * *

ಕಳ್ಳನ ನಡವಳಿಕೆಯೇ ವಿಚಿತ್ರ. ಕೆಡಿಸಲು ಬಂದವನು ಒತ್ತಿ ಓಡಿಹೋಗಬೇಕು. ಇವನು ಅವರ ಪುಟದಲ್ಲಿದ್ದ ವಿಡಿಯೋವನ್ನು ಪೂರ್ತಿ ನೋಡುತ್ತಾನೆ. ಅಕ್ಕವ್ವ ನೂಲು ತೆಗೆಯುತ್ತ ನಗುವ ವಿಡಿಯೋ.

ಆಗ ಹೊಳೆಯಿತು. ತಾವು ದುಡ್ಡು ಕಟ್ಟಿದ ಪದ 'ಕಂಬಳಿ'. ಹುಡುಕಿದವರು ಆಡಿದ ಮಾತು? ಅದರ ಪಟ್ಟಿ ಬೇರೆ ಕಡೆ ಇರುತ್ತದೆ. ತೆರೆದಳು. ಸಾಲು ಸಾಲಾಗಿ ಒಂದೇ ಮಾತು: 'ನಮ್ಮ ಮನಿಯಾಕಿ ಕಂಬಳಿ ತೋರಸು.'

ಹುಸ್ನಾ ಬಿದ್ದು ಬಿದ್ದು ನಕ್ಕಳು. ಅಕ್ಕವ್ವನನ್ನು ಸ್ಕೂಟರ್ ಹತ್ತಿಸಿಕೊಂಡಳು.

* * *

ದರಿಬಡಚಿಯ ಹೊಲವೊಂದರಲ್ಲಿ ಕುರಿಹಿಂಡು ಬೀಡುಬಿಟ್ಟಿತ್ತು. ಜಾಲಿ ಮರದಡಿ ಬೀರದೇವ ಕುಳಿತಿದ್ದ. ಅಕ್ಕವ್ವನ ಗಂಡ; ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೋದವನು. ಅವನ ಕೈಯ ಫೋನಿನಿಂದ ಅಕ್ಕವ್ವನದೇ ನಗು ಕೇಳುತ್ತಿತ್ತು.

"ಕಳ್ಳ ಸಿಕ್ಕ ನೋಡ್ರಿ ಕಾಕು! ಗಿರಾಕಿ ಬರೇ ಕಂಬಳಿ ಅಂತಾನ. ಹೆಸರು ಹಿಡೀಲಾರದ 'ಮನಿಯಾಕಿ' ಅಂದು ನಿಮ್ಮ ವಿಡಿಯೋ ನೋಡಾವ ಗಂಡ ಒಬ್ಬನ. ಕುರಿ ಸೊರಡಿಯಿಂದ ಇಲ್ಲಿಗೆ ಬಂದಂಗ ಕ್ಲಿಕ್ಕೂ ಬಂದಾವು."

ಬೀರದೇವ ಗಾಬರಿಯಾದ. "ಒತ್ತಿದ್ರ ನಿಮ್ಮ ರೊಕ್ಕ ಹೊಕ್ಕೈತಂತ ನನಗೇನ್ ಗೊತ್ತವಾ?"

"ಫೋನ್ ಮಾಡಿ ಮಾತಾಡಬೇಕಿಲ್ರಿ ಕಾಕಾ?"

"ಮಾಡಿದ್ರ, ಕುರಿ ಹೆಂಗದಾವು ಅಂತ ಕೇಳಿ ಇಟ್ಟಬಿಡ್ತಾಳ. ಇದರಾಗ ನಗತಾಳ."

ಅಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹುಸ್ನಾ ಅಲ್ಲೇ ಕುಳಿತು 'ಮನಿಯಾಕಿ'ಯನ್ನು ಜಾಹೀರಾತಿಗೆ ಬೇಡದ ಪದಗಳ ಪಟ್ಟಿಗೆ ಸೇರಿಸಿದಳು. ಇನ್ನು ಆ ಮಾತಿಗೆ ಜಾಹೀರಾತು ಕಾಣದು, ದುಡ್ಡೂ ಹೋಗದು.

"ಕಳ್ಳ ನಮ್ಮ ಮನ್ಯಾವನ ಅಂತ ಹೆಣ್ಮಕ್ಕಳಿಗೆಲ್ಲ ನಾನ ಹೇಳ್ತೀನಿ. ನೀ ತಲಿ ಎತ್ತಿ ನಡಿ, ಮಗಳ," ಎಂದಳು ಅಕ್ಕವ್ವ. ಆಮೇಲೆ ಗಂಡನ ಮಗ್ಗುಲಿಗೆ ಕುಳಿತಳು.

"ಆ ಫೋನ್ ಕೆಳಗಿಡ್ರಿ. ಇಲ್ಲೇ ಕುಂತೀನಲ್ಲ, ನನ್ನ ನೋಡ್ರಿ."