ಸುಮನಕ್ಕನ ಪುಸ್ತಕದಲ್ಲಿಲ್ಲದ ಮನೆ

"ಹತ್ರ ಬರಬೇಡ ಪುಟ್ಟಿ! ಆರು ಹೆಜ್ಜೆ ಆಚೆ ನಿಲ್ಲು!"

ಅಮ್ಮ ರಸ್ತೆಯಿಂದಲೇ ಕೂಗಿದಳು. ಲಿಖಿತಾ ಓಡಿಬಂದು ಗೇಟಿನ ಚಿಲಕ ಹಿಡಿದುಕೊಂಡಳು.

"ಯಾಕೆ?"

"ಎಂಥದೂ ಇಲ್ಲ. ಸ್ವಲ್ಪ ಶೀತದ ಗಾಳಿ, ಅಷ್ಟೆ."

ಶೀತವಂತೆ ಶೀತ! ಶೀತಕ್ಕೆ ಯಾರಾದರೂ ಶಾಲೆಗೆ ಬೀಗ ಹಾಕುತ್ತಾರಾ? ಉಟ್ಟ ಸೀರೆಯನ್ನು ಕುದಿಯುವ ನೀರಿಗೆ ಹಾಕುತ್ತಾರಾ? ಕಿವಿಗೆ ಹೂ ಇಡುವುದಕ್ಕೂ ಒಂದು ಮಿತಿ ಬೇಡವೇ!

ಅಮ್ಮ ಸುಮನಾ ಮೇಗರವಳ್ಳಿಯ ಆಶಾ ಕಾರ್ಯಕರ್ತೆ. ದಿನಾ ಮನೆಮನೆಯ ಗೇಟಿನಲ್ಲಿ ನಿಂತು, ಯಾರಿಗೆ ಜ್ವರ, ಯಾರಿಗೆ ಕೆಮ್ಮು ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಕೊರೊನಾ ಹೇಗೆ ಹರಡುತ್ತದೆಂದು ನಿನ್ನೆ ಎದುರುಮನೆ ವಾಸಪ್ಪಜ್ಜನಿಗೆ ಅರ್ಧ ಗಂಟೆ ಹೇಳಿದ್ದಳು. ಹಿಂದೆ ಮಂಗನ ಕಾಯಿಲೆ ಬಂದಾಗ ಲಿಖಿತಾಗೂ ಎಲ್ಲ ಹೇಳಿದ್ದಳು, ಅದನ್ನು ಹರಡುವ ಉಣುಗು ಹುಳ ಎಲ್ಲೆಲ್ಲಿ ಕಚ್ಚುತ್ತದೆ ಅನ್ನುವುದರ ಸಮೇತ. ಈಗ ಮಾತ್ರ ಊರಿಗೆಲ್ಲ ನಿಜ, ಸ್ವಂತ ಮಗಳಿಗೆ ಶೀತದ ಕತೆ!

ವಾಸಪ್ಪಜ್ಜನ ತಂಗಿ ಆಸ್ಪತ್ರೆಗೆ ಹೋದವರು ವಾಪಸು ಬರಲೇ ಇಲ್ಲ. ಅಮ್ಮನಿಗೂ ಹಾಗಾದರೆ? ದಿನಾ ಊಟ ಮಾಡುವಾಗಲೂ ಲಿಖಿತಾಗೆ ಅದೇ ಯೋಚನೆ.

"ಗೇಟು ತೆಗಿಯೇ, ಹುಚ್ಚು ಹುಡುಗಿ," ಅಮ್ಮ ಆಚೆಯಿಂದ ಹೇಳಿದಳು.

"ಮೊದ್ಲು ಪುಸ್ತಕ ತೆಗೀರಿ, ಸುಮನಕ್ಕ. ಎಲ್ಲರ ಮನೆ ಸರ್ವೆ ಆಯ್ತು. ನಮ್ಮನೆ ಏನು ಪಾಪ ಮಾಡಿದೆ?"

ಅಮ್ಮನಿಗೆ ನಗು ಬಂತು. ಮಗಳು ನಗಲಿಲ್ಲ. ಅಮ್ಮ ಪುಸ್ತಕ ತೆಗೆದಳು.

"ಮನೇಲಿ ಎಷ್ಟು ಜನ?"

"ಮೂರು. ನಾನು, ಅಜ್ಜಿ, ಮತ್ತೆ ಒಬ್ಬಳು ಸುಳ್ಳುಬುರುಕಿ."

"ಯಾರಿಗಾದ್ರೂ ಜ್ವರ, ಕೆಮ್ಮು?"

"ಇಲ್ಲ. ಈಗ ನನ್ನ ಪ್ರಶ್ನೆ. ನಿಮಗೇ ಕೊರೊನಾ ಬಂದ್ರೆ?"

ಅಮ್ಮನ ಪೆನ್ನು ನಿಂತಿತು. ವಾಸಪ್ಪಜ್ಜನ ಎದುರು ಅರಳು ಹುರಿದ ಹಾಗೆ ಮಾತಾಡಿದವಳು ಈಗ ರಸ್ತೆ ನೋಡುತ್ತ ನಿಂತಳು.

"ಬರಬಹುದು," ಎಂದಳು ಕೊನೆಗೆ. "ಮಾಸ್ಕ್ ಹಾಕ್ತೀನಿ, ದೂರ ನಿಲ್ತೀನಿ. ಆದ್ರೂ ಬರಬಹುದು. ಬಂದ್ರೂ ತುಂಬಾ ಜನ ಗುಣ ಆಗ್ತಾರೆ. ಎಲ್ಲರೂ ಅಲ್ಲ." ಪುಸ್ತಕ ಮುಚ್ಚಿ ಹೇಳಿದಳು, "ನಂಗೂ ಹೆದ್ರಿಕೆ ಕಣೇ. ನಿನ್ನ ಮುಖ ನೋಡಿದ್ರೆ ಇನ್ನೂ ಜಾಸ್ತಿ. ಅದಕ್ಕೇ ಶೀತ ಅಂದೆ."

ಅಣಕಿಸಲು ಲಿಖಿತಾ ಇನ್ನೂ ನಾಲ್ಕು ಮಾತು ಕೂಡಿಟ್ಟುಕೊಂಡಿದ್ದಳು. ಅವನ್ನೆಲ್ಲ ಅಲ್ಲೇ ಬಿಟ್ಟಳು.

ಅವಳು ಚಿಲಕ ತೆಗೆದಳು. ಆಮೇಲೆ ಯಾರೂ ಹೇಳದೆಯೇ ಹಿಂದಕ್ಕೆ ನಡೆದಳು. ಒಂದು, ಎರಡು, ಮೂರು... ಸರಿಯಾಗಿ ಆರು.

"ಬಚ್ಚಲಲ್ಲಿ ನೀರು ಕಾದಿದೆ, ಅಮ್ಮ," ಎಂದಳು. "ನಾಳೆನೂ ಪುಸ್ತಕದಲ್ಲಿ ನಮ್ಮನೆ ಬರ್ಕೋ."